ಸುಣ್ಣವನ್ನು ಕಚ್ಚಿದ ಸ್ಕ್ರೂ

"ಗುರುಗಳೇ, ನಮ್ಮ ಜನ ಯಾಕೆ ಕಚ್ಚಿಕೊಂಡು ನಿಲ್ಲುವುದಿಲ್ಲ?" ಎಂದು ಯಮನೂರಪ್ಪ ಕೇಳಿದ.

ಯಮನೂರಪ್ಪ ಅಕ್ಕಿ ಗಿರಣಿಗಳ ಹಮಾಲರನ್ನು ಒಗ್ಗೂಡಿಸಲು ಹೊರಟವನು. ಗುರು ಒಂದು ಕಾಲಕ್ಕೆ ತಾನೂ ಹಮಾಲ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಚೀಲದ ಮೇಲಿನ ಅಚ್ಚಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದು ಕಲಿತವನು. ಈಗ ವಯಸ್ಸಾಗಿತ್ತು. ಗಿರಣಿಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಕೇಳಲು ಬಂದವರಿಗೆ ಹೇಳುತ್ತಿದ್ದ.

ಯಮನೂರಪ್ಪ ಮಾತು ಮುಂದುವರಿಸಿದ.

"ನೂರು ಕಿಲೋ ಚೀಲ ಹೊರುವುದಿಲ್ಲ, ಐವತ್ತು ಕಿಲೋ ಚೀಲ ಮಾಡಿ ಎಂದು ಕೇಳಿದೆವು. ಸಭೆಯಲ್ಲಿ ಮುನ್ನೂರು ಜನ ಕೈ ಎತ್ತಿದರು. ನಾನೇ ಎಣಿಸಿದೆ. ಮೊದಲ ದಿನ ಮುನ್ನೂರೂ ಜನ ಗೇಟಿನ ಹೊರಗೆ ನಿಂತರು. ಎರಡನೆಯ ದಿನ ಮಾಲೀಕರು ಗೇಟಿಗೆ ಬಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದರು. ಮೂರನೆಯ ದಿನ ನನ್ನ ಜೊತೆ ಉಳಿದವರು ಹನ್ನೆರಡು ಜನ. ಆ ಹನ್ನೆರಡು ಜನಕ್ಕೆ ಈಗ ಯಾವ ಗಿರಣಿಯಲ್ಲೂ ಕೆಲಸವಿಲ್ಲ."

ಯಮನೂರಪ್ಪ ಗಿರಣಿಯ ಗೇಟಿನ ಕಡೆ ಕೈ ಮಾಡಿದ.

"ಬರುವ ಸೋಮವಾರ ಮತ್ತೆ ಕರೆ ಕೊಡುತ್ತೇನೆ. ಈ ಸಲ ಬಾಯಿಮಾತಿಗೆ ಬಿಡುವುದಿಲ್ಲ. ದೇವರ ಅರಿಸಿನದ ಭಂಡಾರ ಮುಟ್ಟಿಸಿ ಆಣೆ ಮಾಡಿಸುತ್ತೇನೆ. ಆಣೆ ಮುರಿದು ಒಳಗೆ ಹೋದವನ ಮನೆಯ ಮುಂದೆ ಡಂಗುರ ಹೊಡೆಸುತ್ತೇನೆ. ಆದರೂ ನನಗೆ ಧೈರ್ಯ ಬರುತ್ತಿಲ್ಲ. ಈ ಸಲವೂ ಉದುರಿದರೆ ಇನ್ನೆಷ್ಟು ಜನರ ಕೆಲಸ ಹೋಗುತ್ತದೋ. ನಮ್ಮ ಜನ ಪುಡಿ, ಗುರುಗಳೇ. ಎಲ್ಲಿ ಹಿಡಿದರೂ ಉದುರುತ್ತಾರೆ. ಇಂಥವರನ್ನು ನಂಬಿ ಏನನ್ನು ನಿಲ್ಲಿಸುವುದು?"

ಗುರು ಅವನಿಗೆ ಕಟ್ಟೆಯ ಮೇಲೆ ಜಾಗ ಬಿಟ್ಟ. "ಕೂತುಕೋ. ಪುಡಿ ಗೋಡೆಗೆ ಸ್ಕ್ರೂ ಹಾಕಿದ ಒಬ್ಬ ಬಡಗಿಯ ಕತೆ ಹೇಳುತ್ತೇನೆ" ಎಂದ.

ಒಂದು ಊರಲ್ಲಿ ಒಂದು ಹಳೆಯ ಮಾಳಿಗೆಯ ಕಟ್ಟಡವಿತ್ತು. ಕೆಳಗೆ ಯಜಮಾನನ ಗೋದಾಮು. ಮೇಲೆ ಹನ್ನೊಂದು ಹೆಂಗಸರು ಕೂತು ಹರಿದ ಗೋಣಿಚೀಲ ಹೊಲಿಯುತ್ತಿದ್ದರು. ಮೇಲೆ ಹೋಗಲು ಹದಿನೆಂಟು ಕಲ್ಲಿನ ಮೆಟ್ಟಿಲು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ.

ಹನ್ನೊಂದು ಹೆಂಗಸರಲ್ಲಿ ಒಬ್ಬಳು ಫಕೀರವ್ವ. ಚಿಕ್ಕಂದಿನಲ್ಲೇ ಅವಳ ಎಡಗಾಲು ಸೊರಗಿತ್ತು. ಬೆಳಿಗ್ಗೆ ಮೆಟ್ಟಿಲಿಗೆ ಕೈ ಊರಿ ಹತ್ತುತ್ತಿದ್ದಳು. ಸಂಜೆ ಕೂತುಕೊಂಡು, ಒಂದೊಂದೇ ಮೆಟ್ಟಿಲು ಜಾರಿ ಇಳಿಯುತ್ತಿದ್ದಳು. ಹಗಲಿನಲ್ಲಿ ಇಳಿಯುತ್ತಿರಲಿಲ್ಲ. ಮಾಳಿಗೆಯ ಮೂಲೆಯಲ್ಲಿ ನೀರಿನ ಕೊಡವಿತ್ತು. ಉಳಿದ ಹತ್ತು ಜನ ಕುಡಿಯುತ್ತಿದ್ದರು. ಫಕೀರವ್ವ ಕುಡಿಯುತ್ತಿರಲಿಲ್ಲ. ಕುಡಿದರೆ ಕೆಳಗೆ ಹಿತ್ತಲಿಗೆ ಹೋಗಬೇಕಾಗುತ್ತದೆ. ಬೇಸಿಗೆಯಲ್ಲೂ ಅವಳು ಬೆಳಗಿನಿಂದ ಸಂಜೆಯವರೆಗೆ ಒಣಬಾಯಲ್ಲಿ ದಬ್ಬಣ ಆಡಿಸುತ್ತಿದ್ದಳು. ಉರಿಮೂತ್ರದ ಬೇನೆ ಹತ್ತಿತ್ತು. ಹನ್ನೆರಡು ವರ್ಷ ಹೀಗೆ ನಡೆಯಿತು.

ಆ ಹನ್ನೆರಡು ವರ್ಷವೂ ಹೆಂಗಸರು ಯಜಮಾನನನ್ನು ಕೇಳಿದರು. ಮೆಟ್ಟಿಲ ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ ಎಂದರು. ನೋಡೋಣ ಎನ್ನುತ್ತಿದ್ದ.

ಹದಿಮೂರನೆಯ ವರ್ಷ ಯಜಮಾನನ ಮಠದ ಸ್ವಾಮಿಗಳು ಕಟ್ಟಡದಲ್ಲಿ ಪಾದ ಇಡುತ್ತೇವೆಂದು ಹೇಳಿಕಳಿಸಿದರು. ಮಾಳಿಗೆಯ ಮೇಲೆ ಪಾದಪೂಜೆ ಎಂದು ನಿಶ್ಚಯವಾಯಿತು. ಸ್ವಾಮಿಗಳಿಗೆ ವಯಸ್ಸಾಗಿದೆ. ಮೆಟ್ಟಿಲು ಹತ್ತಬೇಕು. ಹನ್ನೆರಡು ವರ್ಷ ಬಾರದ ಕಂಬಿ ಮೂರು ದಿನದಲ್ಲಿ ಬಂತು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಈ ನಾಡಿನಲ್ಲಿ ಕಂಬಿ ಬರುವುದೇ ಹಾಗೆ.

ಯಜಮಾನ ಊರಿನ ಬಡಗಿಯನ್ನು ಕರೆಸಿದ. ಬಡಗಿ ಒಳ್ಳೆಯ ಕೆಲಸಗಾರ. ಮತ್ತಿ ಮರದಲ್ಲಿ ನುಣುಪಾದ ಕಂಬಿ ಮಾಡಿದ. ಅದನ್ನು ಹೊರಲು ಕಬ್ಬಿಣದ ಐದು ತೋಳು ಮಾಡಿಸಿದ. ಒಂದೊಂದು ತೋಳಿಗೆ ಮೂರು ಸ್ಕ್ರೂ. ಗೋಡೆಗೆ ತೂತು ಕೊರೆದು ಸ್ಕ್ರೂ ತಿರುಗಿಸಿದ. ಸ್ಕ್ರೂ ಬಿಗಿಯಾಗಿ ಕೂತಿತು. ಕೈ ನೋಯುವವರೆಗೆ ತಿರುಗಿಸಿದ. ಅಲ್ಲಾಡಲಿಲ್ಲ.

ಆ ಕಟ್ಟಡಕ್ಕೆ ಒಂದು ಪದ್ಧತಿ ಇತ್ತು. ಪ್ರತಿ ವರ್ಷ ದಸರೆಗೆ ಸುಣ್ಣ ಬಳಿಯುವುದು. ಹಳೆಯ ಸುಣ್ಣವನ್ನು ಕೆರೆಯುವಂತಿಲ್ಲ. ಕೆರೆದರೆ ಗೋಡೆಯ ಗುಟ್ಟು ಹೊರಗೆ ಬೀಳುತ್ತದೆ ಎಂದು ಯಜಮಾನನ ಅಪ್ಪ ಹೇಳುತ್ತಿದ್ದನಂತೆ. ಹಾಗಾಗಿ ಒಂದರ ಮೇಲೊಂದು ಬಳಿಯುತ್ತ ಹೋದರು. ಐವತ್ತು ದಸರೆಯ ಸುಣ್ಣ ಆ ಗೋಡೆಯ ಮೇಲಿತ್ತು. ಹಪ್ಪಳಗಟ್ಟಿ, ಕಲ್ಲಿನಂತಾಗಿ, ಹೆಬ್ಬೆರಳಿನಷ್ಟು ದಪ್ಪಗೆ ಕೂತಿತ್ತು. ಬಡಗಿಯ ಕೈಗೆ ಬಿಗಿ ಸಿಕ್ಕಿದ್ದು ಆ ಸುಣ್ಣದಲ್ಲಿ. ಅವನಿಗೆ ಅದು ಗೊತ್ತಿರಲಿಲ್ಲ. ತಿಳಿದುಕೊಳ್ಳಲು ಅವನಿಗೆ ಮೂರೇ ದಿನವಿತ್ತು, ಯಾರೂ ಹೇಳಲೂ ಇಲ್ಲ.

ಸ್ವಾಮಿಗಳು ಬರುವ ಹಿಂದಿನ ದಿನ ಇನ್ನೊಂದು ಸಲ ಸುಣ್ಣ ಬಳಿದರು. ಗೋಡೆಯ ಜೊತೆಗೆ ಕಬ್ಬಿಣದ ತೋಳಿಗೂ ಬಳಿದರು. ಎಲ್ಲವೂ ಬೆಳ್ಳಗಾಯಿತು.

ಸ್ವಾಮಿಗಳು ಬಂದರು. ಮಠದ ಇಬ್ಬರು ಶಿಷ್ಯಮರಿಗಳು ಆಚೆಗೊಂದು ಈಚೆಗೊಂದು ರಟ್ಟೆ ಹಿಡಿದು ಹತ್ತಿಸಿದರು, ಹಾಗೆಯೇ ಇಳಿಸಿದರು. ಸ್ವಾಮಿಗಳು ಕಂಬಿಯನ್ನು ಮುಟ್ಟಲೇ ಇಲ್ಲ. ಹಿಂದೆ ಬಂದ ದೊಡ್ಡವರೆಲ್ಲ ಮುಟ್ಟಿದರು. ಬೆರಳಿನಿಂದ ಸವರಿದರು. ಏನು ನುಣುಪು, ಏನು ಅಂದ ಎಂದರು. ಯಜಮಾನ ಬಡಗಿಗೆ ಶಾಲು ಹೊದಿಸಿದ.

ಮಾರನೆಯ ದಿನ ಹೆಂಗಸರು ಕೆಲಸಕ್ಕೆ ಬಂದರು. ಬಡಗಿ ತನ್ನ ಹತಾರ ತೆಗೆದುಕೊಂಡು ಹೋಗಲು ಬಂದಿದ್ದ. ಫಕೀರವ್ವ ಮೆಟ್ಟಿಲ ಬುಡದಲ್ಲಿ ನಿಂತು ಕಂಬಿಯನ್ನೇ ನೋಡುತ್ತಿದ್ದಳು. ಮುಟ್ಟಿರಲಿಲ್ಲ.

"ಯಾಕವ್ವ, ಹಾವು ಕಂಡಂಗ ನಿಂತಿ?" ಎಂದು ಬಡಗಿ ಕೇಳಿದ. ಒಂದು ಕೈಯಿಂದ ಕಂಬಿಯನ್ನು ಎಳೆದು ತೋರಿಸಿದ. "ಆನಿ ಕಟ್ಟಿದ್ರೂ ಅಲ್ಲಾಡಂಗಿಲ್ಲ. ಹಿಡಿ, ಹತ್ತು."

ಅವನು ಸುಳ್ಳು ಹೇಳಲಿಲ್ಲ. ಎಳೆದು ನೋಡಿಯೇ ಹೇಳಿದ. ಆದರೆ ಅವನಿಗೆ ಎರಡು ಕಾಲಿದ್ದವು. ಎರಡು ಕಾಲಿನ ಮೇಲೆ ನಿಂತು, ಒಂದು ಕೈಯಿಂದ ಎಳೆದಿದ್ದ.

ಫಕೀರವ್ವ ಎರಡು ದಿನ ನಂಬಲಿಲ್ಲ. ಉಳಿದ ಹತ್ತು ಜನ ಹಿಡಿದು ಹತ್ತಿದರು, ಹಿಡಿದು ಇಳಿದರು. ಕಂಬಿ ಅಲುಗಲಿಲ್ಲ. ಮೂರನೆಯ ದಿನ ಅವಳು ನಂಬಿದಳು. ನಂಬಿದ್ದಕ್ಕೆ ಗುರುತೇನೆಂದರೆ, ಅಂದು ಬೆಳಿಗ್ಗೆ ಮಾಳಿಗೆಯ ಮೂಲೆಗೆ ಹೋಗಿ ಒಂದು ಚೊಂಬು ನೀರು ಕುಡಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ನೀರು ಕುಡಿದದ್ದರಿಂದ ಮಧ್ಯಾಹ್ನ ಇಳಿಯಬೇಕಾಯಿತು. ಇಳಿಯುವಾಗ ಕಂಬಿ ಹಿಡಿದಳು. ಏಳನೆಯ ಮೆಟ್ಟಿಲಿನಲ್ಲಿ ಸೊರಗಿದ ಕಾಲು ಮಡಿಚಿತು. ಮೈಭಾರವೆಲ್ಲ ಕಂಬಿಯ ಮೇಲೆ ಬಿತ್ತು. ಎರಡು ತೋಳು ಸ್ಕ್ರೂ ಸಮೇತ ಕಿತ್ತು ಬಂದವು. ಒಂದೊಂದು ಸ್ಕ್ರೂವಿಗೂ ರೊಟ್ಟಿಯಗಲದ ಸುಣ್ಣದ ಹೆಕ್ಕಳಿಕೆ ಅಂಟಿಕೊಂಡು ಬಂತು. ಹಿಂದಿನಿಂದ ಗೋಡೆಯ ಪುಡಿ ಹಿಟ್ಟಿನಂತೆ ಸುರಿಯಿತು. ಫಕೀರವ್ವ ಹನ್ನೊಂದು ಮೆಟ್ಟಿಲು ಉರುಳಿದಳು. ಎಡಗೈ ಮಣಿಕಟ್ಟು ಮುರಿಯಿತು.

ಯಜಮಾನ ಬಂದು ನೋಡಿದ. "ಆ ಹೆಣ್ಣುಮಗಳು ಇನ್ನ ಮ್ಯಾಲೆ ಬರೂದು ಬ್ಯಾಡ. ನಾಳೆ ಏನರ ಆದ್ರ ನನ್ನ ತಲಿಗೆ ಬರತೈತಿ" ಎಂದ. ಅಷ್ಟೇ. ಅವಳ ಅನ್ನ ಹೋಯಿತು. ಅವಳಿಗೆ ಬರುತ್ತಿದ್ದ ಕೆಲಸ ಅದೊಂದೇ, ಅದು ಇದ್ದದ್ದು ಮಾಳಿಗೆಯ ಮೇಲೆ.

ಬಡಗಿಗೆ ಅವಮಾನವಾಯಿತು. ಅವಮಾನವಾದವನಿಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದವನು ದೊಡ್ಡ ಸ್ಕ್ರೂ ತರುತ್ತಾನೆ. ಇವನೂ ತಂದ. ಮೊದಲಿನದಕ್ಕಿಂತ ಎರಡು ಪಟ್ಟು ದಪ್ಪ. ಸುತ್ತಿಗೆಯಿಂದ ಉಳಿ ಹೊಡೆದು ತೂತು ದೊಡ್ಡದು ಮಾಡಿದ. ಸ್ಕ್ರೂ ಸಡಿಲವಾಯಿತು. ಇನ್ನೂ ಜೋರಾಗಿ ಹೊಡೆದ. ಇಟ್ಟಿಗೆ ಬಿರಿಯಿತು. ಇನ್ನೂ ಹೊಡೆದ. ಸಂಜೆಯ ಹೊತ್ತಿಗೆ ಐದು ತೋಳಿದ್ದ ಕಡೆ ಐದು ಬೋಗುಣಿಯಂಥ ಗುಳಿಗಳಾಗಿದ್ದವು. ನೆಲದ ಮೇಲೆ ಒಂದು ಬುಟ್ಟಿ ಪುಡಿ ಬಿದ್ದಿತ್ತು.

"ಈ ಗ್ವಾಡಿ ಸರಿ ಇಲ್ಲ" ಎಂದ ಬಡಗಿ. "ಇದರಾಗ ಏನೂ ನಿಲ್ಲಂಗಿಲ್ಲ."

ಇದನ್ನು ಹೇಳುವಾಗ ಅವನಿಗೆ ಸಮಾಧಾನವಾಯಿತು. ತಪ್ಪು ಗೋಡೆಯದು ಎಂದಾದ ಮೇಲೆ ಕೆಲಸಗಾರನಿಗೆ ಮಾಡಲು ಏನೂ ಉಳಿಯುವುದಿಲ್ಲ. ಹತಾರವನ್ನು ಚೀಲಕ್ಕೆ ತುಂಬಿದ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಕಾಲು ತಾನಾಗಿ ಫಕೀರವ್ವನ ಓಣಿಗೆ ತಿರುಗಿತು. ತಪ್ಪು ತನ್ನದಲ್ಲ ಎಂದು ಅವಳಿಗೆ ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು ಎಂದುಕೊಂಡ.

ಗುರು ಇಲ್ಲಿ ನಿಲ್ಲಿಸಿದ. ಗಿರಣಿಯೊಳಗೆ ಲಾರಿ ತುಂಬುತ್ತಿದ್ದರು. ಹಮಾಲರು ಹಲಗೆಯ ಮೇಲೆ ಒಬ್ಬರ ಹಿಂದೊಬ್ಬರು ಹತ್ತುವುದು ಕಟ್ಟೆಯಿಂದ ಕಾಣುತ್ತಿತ್ತು. ಗುರು ಸ್ವಲ್ಪ ಹೊತ್ತು ಅವರನ್ನು ನೋಡಿದ. ಆಮೇಲೆ ಮುಂದುವರಿಸಿದ.

ಫಕೀರವ್ವನ ಮನೆಯಲ್ಲಿ ಅವಳ ತಾಯಿ ಇದ್ದಳು. ಎಪ್ಪತ್ತರ ಮೇಲಿನ ಮುದುಕಿ. ಜನ್ಮವೆಲ್ಲ ಗಾರೆ ಹೊತ್ತು ಬದುಕಿದವಳು. ಬಡಗಿ ಬಾಗಿಲಲ್ಲಿ ನಿಂತ. ಒಳಗೆ ಕರೆಯುತ್ತಾರೆಂದು ಅವನು ಎಣಿಸಿರಲಿಲ್ಲ. ಮುದುಕಿ ಕರೆದಳು. ಚಾಪೆ ಹಾಸಿದಳು. ಚೊಂಬಿನಲ್ಲಿ ನೀರು ಕೊಟ್ಟಳು. ಬಡಗಿ ಕುಡಿದ. ಕುಡಿದ ಮೇಲೆ, ಹೇಳಬೇಕೆಂದು ಬಂದ ಮಾತು ಬಾಯಲ್ಲಿ ತೊಡರಿತು.

ಮುದುಕಿಯೇ ಹೇಳಿದಳು. "ಗ್ವಾಡಿ ಕೆಟ್ಟದ್ದು ಅಂತ ಹೇಳಾಕ ಬಂದೀಯಲ್ಲ? ಅದು ನನಗ ಗೊತ್ತೈತಿ ತಮ್ಮಾ. ಆ ಗ್ವಾಡಿಗೆ ಕೆಸರು ಹೊತ್ತಾಕಿ ನಾನ."

ಬಡಗಿ ತಲೆ ಎತ್ತಿದ.

"ಈಗಿನ ಯಜಮಾನನ ಅಪ್ಪ ಕಟ್ಟಿಸಿದ್ದು. ಇಟ್ಟಂಗಿ ಅರ್ಧ ಸುಟ್ಟಿದ್ದು ಅರ್ಧ ಹಸಿ. ನಡಕ ಬರೇ ಕೆಸರು. ಹೊರಗ ಕಾಣೋದಷ್ಟ ಸುಣ್ಣ. ನಿನ್ನ ಸ್ಕ್ರೂ ಕಚ್ಚಿದ್ದು ಸುಣ್ಣಾನ. ಗ್ವಾಡಿ ಮಟಾ ಅದು ಹೋಗೇ ಇಲ್ಲ."

"ಅದನ್ನ ನಾನೂ ಹೇಳೋದು ಆಯಿ" ಎಂದ ಬಡಗಿ. "ಪುಡಿ ಗ್ವಾಡಿ. ಅದರಾಗ ಏನೂ ನಿಲ್ಲಂಗಿಲ್ಲ."

ಮುದುಕಿ ನಕ್ಕಳು. "ಐವತ್ತು ವರ್ಷದಿಂದ ಮಾಳಿಗಿ ಹೊತ್ಕೊಂಡು ನಿಂತೈತಿ. ಗೋದಾಮಿನ ಮ್ಯಾಲೆ ಹನ್ನೊಂದು ಹೆಣ್ಣುಮಕ್ಕಳನ್ನ ಹೊತ್ತೈತಿ. ನಿನ್ನ ಹನ್ನೆರಡು ಮೊಳದ ಕಟಿಗಿ ಹೊರಾಕ ಅದಕ್ಕ ಆಗಂಗಿಲ್ಲಂತ?"

ಬಡಗಿ ಆ ಗೋಡೆಯನ್ನು ಎರಡು ಸಲ ಕೊರೆದಿದ್ದ. ಅದು ಏನನ್ನು ಹೊತ್ತಿದೆ ಎಂದು ಒಂದು ಸಲವೂ ತಲೆ ಎತ್ತಿ ನೋಡಿರಲಿಲ್ಲ.

ಫಕೀರವ್ವ ಮೂಲೆಯಲ್ಲಿ ಕೂತಿದ್ದಳು. ಕೈಗೆ ಬಿದಿರಿನ ದಬ್ಬೆ ಕಟ್ಟಿತ್ತು. ಅವಳು ಬಡಗಿಯ ಮೇಲೆ ಕೂಗಾಡಲಿಲ್ಲ. ಒಂದೇ ಮಾತು ಹೇಳಿದಳು. "ಅಣ್ಣಾ, ನೀನು ಕಂಬಿ ಮ್ಯಾಲೆ ಕೈ ಇಡೋರ ಸಲುವಾಗಿ ಮಾಡಿದ್ದಿ. ನಾನು ಕೈ ಇಡಂಗಿಲ್ಲ. ಜೋತು ಬೀಳತೀನಿ."

"ಹೆಂಗ?" ಎಂದ ಬಡಗಿ.

ಅವಳು ಎದ್ದು, ಬಾಗಿಲ ಚೌಕಟ್ಟು ಹಿಡಿದು, ತಾನು ಇಳಿಯುವ ರೀತಿಯನ್ನು ತೋರಿಸಿದಳು. ಭಾರ ಕೆಳಗೆ ಬೀಳುತ್ತಿರಲಿಲ್ಲ. ಓರೆಯಾಗಿ, ಗೋಡೆಯಿಂದ ಹೊರಕ್ಕೆ ಎಳೆಯುತ್ತಿತ್ತು. ಕಂಬಿ ಅವಳ ಎದೆಯ ಮಟ್ಟದಲ್ಲಿತ್ತು. ಅವಳಿಗೆ ಬೇಕಾದದ್ದು ಸೊಂಟದ ಮಟ್ಟದಲ್ಲಿ. ಬಡಗಿ ಕಂಬಿಯ ಎತ್ತರವನ್ನು ಯಜಮಾನನಿಂದ ಕೇಳಿ ಇಟ್ಟಿದ್ದ. ಯಜಮಾನ ಸ್ವಾಮಿಗಳ ಎತ್ತರ ಹೇಳಿದ್ದ. ಅವಳನ್ನು ಯಾರೂ ಕೇಳಿರಲಿಲ್ಲ.

ಅಂದು ಬಡಗಿ ಆ ಮನೆಯಲ್ಲಿ ತುಂಬ ಹೊತ್ತು ಕೂತ. ಮುದುಕಿ ಹೇಳಿದ್ದನ್ನು ಕೇಳಿದ.

ಮಾರನೆಯ ದಿನ ಬೆಳಿಗ್ಗೆ ಗೋಡೆಯ ಮುಂದೆ ಬಂದು ನಿಂತ. ಯಜಮಾನನ ಮುಂದೆ ಒಂದೇ ಮಾತು ಇಟ್ಟ. "ಇಪ್ಪತ್ತು ದಿನ ಬಿಡ್ರಿ. ಕಂಬಿ ನಿಂತ್ರ ಆಕಿ ಕೆಲಸಕ್ಕ ಬರಬೇಕು. ನಿಲ್ಲದಿದ್ರ ನಾನು ಈ ಊರಾಗ ಉಳಿ ಹಿಡಿಯಂಗಿಲ್ಲ." ಹತ್ತು ಹೆಂಗಸರು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು. ಯಜಮಾನ ಹೂಂ ಎಂದ. ಗೋಡೆಯ ತುಂಬ ಗುಳಿ ಬಿದ್ದಿದ್ದವು, ಅವನ್ನು ಹೇಗೂ ಮುಚ್ಚಿಸಬೇಕಾಗಿತ್ತು.

ಬಡಗಿ ಸುತ್ತಿಗೆಯನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಮೊದಲು ಸುಣ್ಣ ಕೆರೆದ. ಎರಡು ದಿನ ಕೆರೆದ. ಐವತ್ತು ದಸರೆ ನೆಲಕ್ಕೆ ಬಿದ್ದವು. ಕೆಳಗೆ ಗೋಡೆ ಇದ್ದ ಹಾಗೆ ಕಂಡಿತು. ನೋಡಲು ಚೆನ್ನಾಗಿರಲಿಲ್ಲ. ಕೆಲವು ಇಟ್ಟಿಗೆ ಕೆಂಪಗೆ, ಕೆಲವು ಕಪ್ಪಗೆ, ಕೆಲವು ಬೆರಳಲ್ಲಿ ಒತ್ತಿದರೆ ಕುಸಿಯುತ್ತಿದ್ದವು.

ಆಮೇಲೆ ಬೆರಳಿನ ಗೆಣ್ಣಿನಿಂದ ಒಂದೊಂದೇ ಇಟ್ಟಿಗೆ ತಟ್ಟಿದ. ಕಿವಿಯಿಟ್ಟು ಕೇಳಿದ. ಡೊಳ್ಳಿನಂತೆ ನುಡಿದದ್ದನ್ನು ಬಿಟ್ಟ. ಕಲ್ಲಿನಂತೆ ನುಡಿದದ್ದಕ್ಕೆ ಇದ್ದಿಲಿನಿಂದ ಗುರುತು ಹಾಕಿದ. ಪುಡಿ ಗೋಡೆಯಲ್ಲಿ ಎಲ್ಲವೂ ಪುಡಿಯಾಗಿರಲಿಲ್ಲ. ಗಟ್ಟಿ ಇಟ್ಟಿಗೆ ಹದಿನಾಲ್ಕು ಸಿಕ್ಕವು. ಅವು ಅವನಿಗೆ ಬೇಕಾದ ಕಡೆ ಇರಲಿಲ್ಲ. ಅವು ಇದ್ದ ಕಡೆಗೆ ಅವನು ತೋಳನ್ನು ಸರಿಸಿದ. ಐದು ತೋಳಿದ್ದದ್ದು ಏಳಾಯಿತು, ಒಂದೊಂದಕ್ಕೆ ಎರಡು ಸ್ಕ್ರೂ. ತೋಳುಗಳ ನಡುವಿನ ಅಂತರ ಒಂದರಂತೆ ಒಂದಿರಲಿಲ್ಲ. ಸಾಲು ನೋಡಿದವರು ಕುಡಿದು ಹಾಕಿದ್ದಾನೆ ಎಂದರು.

ಕೈಬೈರಿಗೆ ತೆಗೆದುಕೊಂಡು ನಿಧಾನವಾಗಿ ತಿರುಗಿಸಿ ತೂತು ಕೊರೆದ. ಹೊಡೆಯಲಿಲ್ಲ, ಒತ್ತಲಿಲ್ಲ. ಇಟ್ಟಿಗೆ ದಾಟಿ, ಕೆಸರು ದಾಟಿ, ಒಂದು ಗೇಣಿನ ಆಳಕ್ಕೆ ಹೋದ. ಒಳಗಿನ ಪುಡಿಯನ್ನು ಕೊಳವೆಯಿಂದ ಊದಿ ತೆಗೆದ. ಪುಡಿ ಅವನ ಕಣ್ಣಿಗೇ ಬಿತ್ತು. ಒರೆಸಿಕೊಂಡು ಮತ್ತೆ ಊದಿದ. ಒಂದು ಚಿಟಿಕೆ ಪುಡಿ ಉಳಿದರೂ ಗಾರೆ ಪುಡಿಯನ್ನು ಹಿಡಿಯುತ್ತದೆ, ಗೋಡೆಯನ್ನು ಹಿಡಿಯುವುದಿಲ್ಲ ಎಂದು ಮುದುಕಿ ಹೇಳಿದ್ದಳು.

ಆಮೇಲೆ ತೂತಿಗೆ ನೀರು ಹನಿಸಿದ. ಒಣ ಇಟ್ಟಿಗೆಗೆ ಬಾಯಾರಿಕೆ ಇರುತ್ತದೆ. ಅದಕ್ಕೆ ಮೊದಲು ಕುಡಿಸದಿದ್ದರೆ ಗಾರೆಯೊಳಗಿನ ನೀರನ್ನು ಅದು ಕುಡಿದುಬಿಡುತ್ತದೆ. ಗಾರೆ ಬಲಿಯುವುದಿಲ್ಲ, ಬೂದಿಯಾಗುತ್ತದೆ. ಇಟ್ಟಿಗೆ ಸಾಕೆನ್ನುವವರೆಗೆ ಕುಡಿಸಿದ. ತೆಳ್ಳಗೆ ಕಲಸಿದ ಸಿಮೆಂಟನ್ನು ತೂತಿನ ತಳದಿಂದ ತುಂಬಿಸುತ್ತ ಬಂದ. ನಡುವೆ ಒಣಗಿದ ಜಾಲಿಯ ಗೂಟ ಇಳಿಸಿದ. ಹಳೆಯ ಐದು ಗುಳಿಗಳನ್ನೂ ಹಾಗೆಯೇ ನೀರು ಕುಡಿಸಿ, ಇಟ್ಟಿಗೆ ಚೂರು ಸೇರಿಸಿ ಮುಚ್ಚಿದ.

ಅಲ್ಲಿಗೆ ಕೈಕೆಲಸ ಮುಗಿಯಿತು. ಕಷ್ಟದ ಕೆಲಸ ಶುರುವಾಯಿತು. ಆ ಕಷ್ಟದ ಕೆಲಸ ಎಂದರೆ ಸುಮ್ಮನಿರುವುದು. ಹದಿನೈದು ದಿನ ಅವನು ಸ್ಕ್ರೂ ಮುಟ್ಟಲಿಲ್ಲ. ದಿನಕ್ಕೆ ಮೂರು ಸಲ ಬಂದು ಗೋಡೆಗೆ ನೀರು ಚಿಮುಕಿಸಿ ಹೋಗುತ್ತಿದ್ದ.

ಯಜಮಾನ ಮೆಟ್ಟಿಲ ಬುಡದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಗ್ವಾಡಿ ಏನು ಬಸರಾಗೇತೇನೋ ಬಡಿಗ್ಯಾ? ದಿನಾ ಅದಕ್ಕ ನೀರು ಕುಡಸಾಕ ಹತ್ತೀಯಲ್ಲ."

"ಹೌದ್ರಿ ಧಣಿ" ಎಂದ ಬಡಗಿ. "ದಿನ ತುಂಬಲಿ ಬಿಡ್ರಿ. ಅವಸರ ಮಾಡಿದ್ರ ಕೂಸು ನಿಲ್ಲಂಗಿಲ್ಲ."

ಹೆಂಗಸರು ನಕ್ಕರು. ಯಜಮಾನ ನಗಲಿಲ್ಲ. ಗೋಡೆಯ ಗುಟ್ಟು ಬಟಾಬಯಲಾಗಿ ನಿಂತಿತ್ತು, ಬಂದವರೆಲ್ಲ ನೋಡುತ್ತಿದ್ದರು.

ಹದಿನಾರನೆಯ ದಿನ ಬಡಗಿ ಗೂಟದ ನಡುವೆ ಸಣ್ಣ ಬೈರಿಗೆ ಹಾಕಿ, ಉದ್ದನೆಯ ಸ್ಕ್ರೂ ಕೈಯಿಂದ ತಿರುಗಿಸಿದ. ಸ್ಕ್ರೂ ನಿಂತ ಕಡೆ ಅವನೂ ನಿಲ್ಲಿಸಿದ. ಇನ್ನೊಂದು ಸುತ್ತು ಹೆಚ್ಚಿಗೆ ತಿರುಗಿಸಲಿಲ್ಲ. ಕಂಬಿಯನ್ನು ಫಕೀರವ್ವನ ಸೊಂಟದ ಮಟ್ಟಕ್ಕೆ ಕೂರಿಸಿದ. ಆಮೇಲೆ ಒಂದೊಂದೇ ತೋಳಿನ ಹತ್ತಿರ ನಿಂತು, ಎರಡು ಕಾಲನ್ನೂ ಮಡಿಚಿ, ಮೈಭಾರವೆಲ್ಲ ಬಿಟ್ಟು ಜೋತುಬಿದ್ದ. ಓರೆಯಾಗಿ, ಅವಳು ತೋರಿಸಿದ ಹಾಗೆ. ಏಳು ತೋಳಿಗೂ ಏಳು ಸಲ. ಗೋಡೆಯಿಂದ ಒಂದು ಕಾಳು ಪುಡಿ ಉದುರಲಿಲ್ಲ.

ಸುಣ್ಣ ಬಳಿಯುವವನು ಬಕೆಟ್ಟು ಹಿಡಿದು ಬಂದ. ತೋಳು ಇದ್ದ ಕಡೆ ಬಳಿಯಲು ಬಡಗಿ ಬಿಡಲಿಲ್ಲ. "ಬೆಳ್ಳಗ ಮಾಡಿದ್ರ ನಾಳೆ ಬಿರುಕು ಬಿಟ್ಟದ್ದು ಕಾಣಂಗಿಲ್ಲ" ಎಂದ. ಇಂದಿಗೂ ಆ ಗೋಡೆಯಲ್ಲಿ ಏಳು ಕೆಂಪು ತೇಪೆಗಳಿವೆ.

ಫಕೀರವ್ವನ ಕೈ ಕೂಡಿತು. ಸ್ವಲ್ಪ ಸೊಟ್ಟಗೆ ಕೂಡಿತು. ಎರಡು ತಿಂಗಳಿಗೆ ಅವಳು ಮೆಟ್ಟಿಲ ಬುಡಕ್ಕೆ ಬಂದು ನಿಂತಳು. ಬಡಗಿಯೂ ಬಂದಿದ್ದ.

"ಸ್ವಾಮಿಗೋಳು ಮುಟ್ಟ್ಯಾರೇನು ಇದನ್ನ?" ಎಂದು ಕೇಳಿದಳು.

"ಇಲ್ಲವ್ವ" ಎಂದ ಬಡಗಿ. "ನಾನು ಜೋತು ಬಿದ್ದೀನಿ."

ಅವಳು ಹತ್ತಿದಳು. ತನ್ನ ಜಾಗದಲ್ಲಿ ಕೂತಳು. ದಬ್ಬಣಕ್ಕೆ ಹುರಿ ಪೋಣಿಸಿದಳು. ನಾಲ್ಕು ಚೀಲ ಹೊಲಿದಳು. ಆಮೇಲೆ ಪಕ್ಕದವಳಿಗೆ, ಆ ಚೊಂಬು ಇಲ್ಲಿ ಕೊಡು ಎಂದಳು. ಪೂರ್ತಿ ಕುಡಿದಳು.

ಗುರು ಕತೆ ಮುಗಿಸಿದ.

ಯಮನೂರಪ್ಪ ತಲೆಯಾಡಿಸಿದ. "ಅರ್ಥವಾಯಿತು, ಗುರುಗಳೇ. ಗಟ್ಟಿ ಇಟ್ಟಿಗೆ ಹುಡುಕಬೇಕು, ಕಾಯಬೇಕು. ಕತೆಯ ಮಟ್ಟಿಗೆ ಸರಿ. ಆದರೆ ಗೋಡೆ ಬೇರೆ, ಮನುಷ್ಯರು ಬೇರೆ. ಗೋಡೆಗೆ ದ್ರೋಹ ಮಾಡಲು ಬರುವುದಿಲ್ಲ. ಇವರು ನನ್ನ ಕಣ್ಣೆದುರಿಗೆ ಕೈ ಎತ್ತಿ, ನನ್ನ ಕಣ್ಣೆದುರಿಗೇ ತಲೆ ತಗ್ಗಿಸಿಕೊಂಡು ಗೇಟಿನೊಳಗೆ ಹೋದರು. ಬಿಟ್ಟು ಹೋದ ಆ ಜನ ಎಂಥವರೆಂದು ನನಗೆ ಚೆನ್ನಾಗಿ ಗೊತ್ತು."

"ಚೆನ್ನಾಗಿ ಗೊತ್ತಿದ್ದರೆ, ಅವರಲ್ಲಿ ಯಾರ ಮನೆಯಲ್ಲಿ ಕೂತು ನೀರು ಕುಡಿದಿದ್ದೀಯೋ ಅಂಥ ಒಬ್ಬನ ಹೆಸರು ಹೇಳು" ಎಂದ ಗುರು.